ನೊಂದ ಬಾಲ್ಯದ ಕಥನ ಮತ್ತು ಓದುಗನ ಧರ್ಮ

ಕಳೆದ ಚಾತುರ್ಮಾಸದಲ್ಲಿ ಶಿವಮೊಗ್ಗೆಯ ಬಸದಿಯೊಂದರ ಸಭಾಂಗಣದಲ್ಲಿ ನಾವು ಹತ್ತು ಹನ್ನೆರಡು ಮಂದಿ ಶ್ರಾವಕ ಶ್ರಾವಿಕೆಯರು ಸ್ವಾಧ್ಯಾಯ ಮುಗಿದ ಬಳಿಕ ಅರ್ಧಗಂಟೆ ಕಾಲ ಆತ್ಮಕಥೆಗಳನ್ನು ಓದುವ ಕ್ರಮವೊಂದನ್ನು ಇಟ್ಟುಕೊಂಡಿದ್ದೆವು. ಎಸ್. ಎಲ್. ಭೈರಪ್ಪನವರ ‘ಭಿತ್ತಿ’, ಸಿದ್ದಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ವಿಜಯಮ್ಮನವರ ‘ಕುದಿ ಎಸರು’ ಇವು ನಾವು ಆರಿಸಿಕೊಂಡ ಕೃತಿಗಳು. ಇವುಗಳಲ್ಲಿ ಬರುವ ಬಾಲ್ಯಗಳು ಸುಖದ ಬಾಲ್ಯಗಳಲ್ಲ. ಮೂರನೆಯ ದಿನ, ವಯಸ್ಸಿನಲ್ಲಿ ನಮಗೆಲ್ಲ ಹಿರಿಯರಾದ ತಾಯಿಯೊಬ್ಬರು ಪುಸ್ತಕವನ್ನು ಮುಚ್ಚುವಂತೆ ಕೈಯೆತ್ತಿ, “ಇಂಥವನ್ನು ಓದಿ ಮನಸ್ಸನ್ನು ಕೆಡಿಸಿಕೊಳ್ಳುವುದೇಕೆ? ಇದು ಆರ್ತಧ್ಯಾನವಲ್ಲವೇ?” ಎಂದು ಕೇಳಿದರು. ಅವರ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅಂದು ನಮ್ಮಲ್ಲಿ ಒಬ್ಬರಿಗೂ ಸಮರ್ಪಕವಾದ ಉತ್ತರ ಹೊಳೆಯಲಿಲ್ಲ. ಈ ಲೇಖನವು ಆ ಉತ್ತರವನ್ನು ಹುಡುಕುವ ಪ್ರಯತ್ನ.

ಪ್ರಶ್ನೆಯನ್ನು ಅದರ ಪೂರ್ಣಬಲದೊಡನೆ ಮುಂದಿಡುವುದು ನ್ಯಾಯ. ಆಕ್ಷೇಪಣೆಗಳು ಮೂರು. ಮೊದಲನೆಯದು, ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆ ಇವುಗಳನ್ನು ಕುರಿತು ಮನಸ್ಸು ಮತ್ತೆ ಮತ್ತೆ ಸುತ್ತುವುದನ್ನು ಉಮಾಸ್ವಾತಿ ಆಚಾರ್ಯರು ಆರ್ತಧ್ಯಾನವೆಂದು ಕರೆದಿದ್ದಾರೆ. ನೊಂದವನು ಬರೆಯುವುದೂ, ಅದನ್ನು ನಾವು ಓದುವುದೂ ಇದೇ ಅಲ್ಲವೇ? ಎರಡನೆಯದು ಇನ್ನೂ ಕಠಿಣವಾದದ್ದು. ಪರರ ನೋವನ್ನು ಕಥೆಯಾಗಿ ಸವಿಯುವುದು ರೌದ್ರಧ್ಯಾನದ ಮೊದಲನೆಯ ಭೇದವಾದ ಹಿಂಸಾನಂದಕ್ಕೆ ಸಮೀಪಿಸುವುದಿಲ್ಲವೇ? ಮೂರನೆಯದು ಬರೆಯುವವರಿಗೆ ಸಂಬಂಧಿಸಿದ್ದು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ರಹೋಭ್ಯಾಖ್ಯಾನ’ವೂ ಒಂದು, ಮರೆಯಲ್ಲಿ ನಡೆದುದನ್ನು ಬಯಲಿಗೆಳೆಯುವುದು. ಮನೆಯೊಳಗಿನ ತಂದೆತಾಯಿಗಳ ತಪ್ಪನ್ನು ಊರಿಗೆಲ್ಲ ಹೇಳುವವರು ಈ ದೋಷಕ್ಕೆ ಗುರಿಯಾಗುವುದಿಲ್ಲವೇ?

ಇವುಗಳಿಗೆ ಉತ್ತರ ಹೇಳುವ ಮೊದಲು ನಮ್ಮ ಪರಂಪರೆಯತ್ತ ಒಮ್ಮೆ ನೋಡುವುದು ಒಳಿತು. ಸ್ವಂತ ಬಾಳನ್ನು ಬಿಚ್ಚಿ ಹೇಳುವುದು ಜೈನರಿಗೆ ಹೊರಗಿನಿಂದ ಬಂದ ರೂಢಿಯಲ್ಲ. ‘ಸಮಯಸಾರ ನಾಟಕ’ದ ಕರ್ತೃ ಬನಾರಸೀದಾಸರು ೧೬೪೧ರಲ್ಲಿ ಆಗ್ರಾದಲ್ಲಿ ತಮ್ಮ ೫೫ನೆಯ ವಯಸ್ಸಿನಲ್ಲಿ ‘ಅರ್ಧಕಥಾನಕ’ವನ್ನು ಬರೆದರು. ಮನುಷ್ಯನ ಆಯುಸ್ಸು ೧೧೦ ವರ್ಷವೆಂಬ ಲೆಕ್ಕದಲ್ಲಿ ಅದು ಅರ್ಧ ಕಥೆ. ಭಾರತೀಯ ಭಾಷೆಗಳಲ್ಲಿ ದೊರೆತಿರುವ ಅತಿ ಹಳೆಯ ಆತ್ಮಕಥೆಗಳಲ್ಲಿ ಅದೂ ಒಂದು. ತಾವು ಬಾಲಕರಾಗಿದ್ದಾಗ ಜೌನ್‌ಪುರದ ಅಧಿಕಾರಿಯು ಊರಿನ ರತ್ನಪಡಿ ವ್ಯಾಪಾರಿಗಳನ್ನು ಸೆರೆಹಿಡಿದು ಥಳಿಸಿದ್ದು, ಕುಟುಂಬಗಳು ಮನೆ ಬಿಟ್ಟು ಓಡಿಹೋದದ್ದು, ಮುಂದೆ ತಮಗೆ ಹುಟ್ಟಿದ ಒಂಬತ್ತು ಮಕ್ಕಳೂ ತೀರಿಕೊಂಡದ್ದು ಎಲ್ಲವೂ ಅದರಲ್ಲಿವೆ. ತಮ್ಮ ಯೌವನದ ದೋಷಗಳನ್ನೂ ಅವರು ಮುಚ್ಚಿಡಲಿಲ್ಲ. ಆ ಗ್ರಂಥವನ್ನು ಓದಿದವರು ಯಾರೂ ಅದನ್ನು ಗೋಳಿನ ಪುಸ್ತಕವೆನ್ನಲಾರರು.

ಅದಕ್ಕಿಂತಲೂ ಸಮೀಪದ ನಿದರ್ಶನ ಕನ್ನಡದಲ್ಲಿಯೇ ಇದೆ. ಜನ್ನ ಕವಿಯು ೧೨೦೯ರಲ್ಲಿ ರಚಿಸಿದ ‘ಯಶೋಧರ ಚರಿತೆ’ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಚಂಡಮಾರಿಗೆ ಬಲಿಕೊಡಲೆಂದು ಹಿಡಿದು ತಂದ ಇಬ್ಬರು ಎಳೆಯರು, ಅಭಯರುಚಿ ಮತ್ತು ಅಭಯಮತಿ, ಖಡ್ಗ ಹಿಡಿದ ಮಾರಿದತ್ತ ರಾಜನೆದುರು ನಿಂತಿದ್ದಾರೆ. ನೀವು ಯಾರೆಂದು ರಾಜನು ಕೇಳುತ್ತಾನೆ. ಬಾಲಕನು ತನ್ನ ಕಥೆಯನ್ನು ಹೇಳುತ್ತಾನೆ: ಹಿಟ್ಟಿನ ಕೋಳಿಯನ್ನು ಕೊಂದ ಒಂದು ಸಂಕಲ್ಪದಿಂದ ಜನ್ಮಜನ್ಮಾಂತರಗಳಲ್ಲಿ ಪಟ್ಟ ಪಾಡನ್ನು ಒಂದೂ ಬಿಡದೆ ಹೇಳುತ್ತಾನೆ. ಕೇಳಿದ ರಾಜನ ಕೈಯಿಂದ ಹಿಂಸೆ ಕಳಚುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ನೋವನ್ನು ಹೇಳಿದವರು ಮಕ್ಕಳು. ಕೇಳಿದವನು ಆ ಕ್ಷಣದಲ್ಲಿ ಅವರನ್ನು ಕೊಲ್ಲಲಿದ್ದವನು. ಕಥೆಯು ಸಾರ್ಥಕವಾದದ್ದು ಕೇಳಿದವನು ಬದಲಾದದ್ದರಿಂದ. ಆದ್ದರಿಂದ ನಮ್ಮ ಪ್ರಶ್ನೆಯು ಬರೆಯುವವರನ್ನು ಮಾತ್ರವಲ್ಲ, ಓದುವ ನಮ್ಮನ್ನೂ ಕುರಿತದ್ದು.

ಈಗ ಮೊದಲನೆಯ ಆಕ್ಷೇಪಣೆ. ಆರ್ತಧ್ಯಾನದ ಲಕ್ಷಣವು ನೆನೆಯುವುದಲ್ಲ, ನೆನಪಿನಲ್ಲಿಯೇ ಸಿಕ್ಕಿಕೊಂಡು ಸುತ್ತುವುದು. ಗಾಣದೆತ್ತಿನಂತೆ ಸುತ್ತುವ ಚಿತ್ತಕ್ಕೂ, ದಾರಿ ಹಿಡಿದು ನಡೆಯುವ ಚಿತ್ತಕ್ಕೂ ಅಂತರವಿದೆ. ಧರ್ಮಧ್ಯಾನದ ನಾಲ್ಕು ಭೇದಗಳಲ್ಲಿ ಎರಡನೆಯದು ಅಪಾಯವಿಚಯ. ಜೀವರು ಯಾವ ಕಾರಣದಿಂದ ದುಃಖಕ್ಕೆ ಬಿದ್ದರು, ಅದರಿಂದ ಹೇಗೆ ಪಾರಾಗಬಲ್ಲರು ಎಂಬ ಚಿಂತನೆ. ಒಂದೇ ಸಂಗತಿಯು ಒಬ್ಬನಲ್ಲಿ ಆರ್ತವೂ ಇನ್ನೊಬ್ಬನಲ್ಲಿ ಧರ್ಮಧ್ಯಾನವೂ ಆಗಬಲ್ಲದು. ‘ಭಿತ್ತಿ’ಯನ್ನೇ ನೋಡೋಣ. ಪ್ಲೇಗಿನಿಂದ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡು, ಅನ್ನಕ್ಕಾಗಿ ಅಲೆದು ಓದಿದ ಬಾಲಕನ ಕಥೆ ಅದು. ೧೯೭೦ರ ‘ಗೃಹಭಂಗ’ದಲ್ಲಿ ಆ ಅನುಭವ ಕಾದಂಬರಿಯ ರೂಪ ತಾಳಿತ್ತು; ೧೯೯೬ರಲ್ಲಿ ಅದು ಆತ್ಮಕಥೆಯಾಗಿ ಬಂತು. ಆ ಬಾಲಕ ಮುಂದೆ ತತ್ತ್ವಶಾಸ್ತ್ರವನ್ನು ಅಭ್ಯಸಿಸಿ ಸತ್ಯ ಮತ್ತು ಸೌಂದರ್ಯವನ್ನು ಕುರಿತು ಪ್ರಬಂಧ ಬರೆದನೆಂಬುದನ್ನು ನೆನೆದರೆ, ನೋವು ಪ್ರಶ್ನೆಯಾಗಿ, ಪ್ರಶ್ನೆಯು ಜಿಜ್ಞಾಸೆಯಾಗಿ ಪರಿಣಮಿಸಿದ ದಾರಿ ಕಾಣುತ್ತದೆ.

ಮನಃಶಾಸ್ತ್ರಜ್ಞರೂ ಇದನ್ನು ಬೇರೆ ಮಾತುಗಳಲ್ಲಿ ಹೇಳಿದ್ದಾರೆ. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ೧೯೯೨ರ ತಮ್ಮ ಗ್ರಂಥದಲ್ಲಿ ಚೇತರಿಕೆಗೆ ಮೂರು ಹಂತಗಳನ್ನು ಗುರುತಿಸಿದರು: ಮೊದಲು ಸುರಕ್ಷತೆ, ಆಮೇಲೆ ನೆನೆದು ಶೋಕಿಸುವುದು, ಕೊನೆಗೆ ಜನರೊಡನೆ ಮತ್ತೆ ಬೆರೆಯುವುದು. ಈ ಅನುಕ್ರಮವೇ ಮುಖ್ಯ. ಸುರಕ್ಷಿತನಲ್ಲದವನ ಬಾಯಿಂದ ನೆನಪನ್ನು ಎಳೆದು ತೆಗೆಯುವುದು ಮತ್ತೊಂದು ಗಾಯ. ಜೇಮ್ಸ್ ಪೆನ್ನೆಬೇಕರ್ ಎಂಬ ವಿದ್ವಾಂಸರು ೧೯೮೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಲ್ಕು ದಿನ ದಿನಕ್ಕೆ ೧೫ ನಿಮಿಷ ತಮ್ಮ ಆಘಾತಗಳನ್ನು ಕುರಿತು ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರಲ್ಲಿಗೆ ಹೋದದ್ದು ಕಡಿಮೆಯಾಯಿತು. ಬರೆಯುವಾಗ ಅವರ ಮನಸ್ಸು ಕುಗ್ಗಿತ್ತು. ಪ್ರಯೋಜನ ಕಂಡದ್ದು ತಡವಾಗಿ. ಮುಂದಿನ ಅಧ್ಯಯನಗಳಿಂದ ಈ ಪ್ರಯೋಜನವು ಸಣ್ಣದೆಂದೂ ಎಲ್ಲರಿಗೂ ಒಂದೇ ತೆರನಲ್ಲವೆಂದೂ ತಿಳಿದುಬಂದಿದೆ. ಆದ್ದರಿಂದ ಬರವಣಿಗೆಯನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳಬೇಕಾಗಿಲ್ಲ. ಅದೇ ರೀತಿ, ಕೆದಕಿದರೆ ಕೇಡೇ ಎಂದು ಹೆದರಬೇಕಾಗಿಯೂ ಇಲ್ಲ.

ಎರಡನೆಯ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆಯೆಂದು ಒಪ್ಪಲೇಬೇಕು. ಪುಟ ತಿರುಗಿಸುವಾಗ ‘ಇನ್ನು ಏನಾಯಿತೋ’ ಎಂಬ ಕುತೂಹಲ ಕರುಣೆಯನ್ನು ಮೀರಿದರೆ, ಕಣ್ಣೀರಿಟ್ಟು ‘ನಾನು ಎಷ್ಟು ಮೃದುಹೃದಯಿ’ ಎಂದು ತೃಪ್ತಿಪಟ್ಟರೆ, ಆ ಓದು ಕೆಟ್ಟ ಓದು. ಇದನ್ನು ಅಳೆಯಲು ಒಂದು ಸುಲಭವಾದ ಉಪಾಯವಿದೆ. ಪುಸ್ತಕದಲ್ಲಿ ನಾವು ಯಾರ ಪಕ್ಕದಲ್ಲಿ ನಿಲ್ಲುತ್ತೇವೆ? ನಾವೆಲ್ಲರೂ ನೊಂದ ಮಗುವಿನ ಪಕ್ಕದಲ್ಲಿಯೇ ನಿಲ್ಲುತ್ತೇವೆ. ಅದು ಹಿತವಾದ ಸ್ಥಳ. ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಜಾತಿಯ ಕಾರಣದಿಂದ ಶಾಲೆಯಲ್ಲಿ ಅವಮಾನಗೊಂಡ ಬಾಲಕನನ್ನು ಕಂಡು ಮರುಗುತ್ತೇವೆ. ಆದರೆ ಆ ಊರಿನಲ್ಲಿ ನಮ್ಮಂಥ ಅಂಗಡಿಕಾರರೂ, ನಮ್ಮಂಥ ಗೃಹಸ್ಥರೂ ಇದ್ದಿರಲೇಬೇಕು. ನಾವು ಇದ್ದಿದ್ದರೆ ಎಲ್ಲಿ ನಿಂತಿರುತ್ತಿದ್ದೆವು? ಆ ಸ್ಥಳದಲ್ಲಿ ನಿಂತು ಓದಿದಾಗ ರಸಾಸ್ವಾದ ತಾನಾಗಿ ಇಳಿಯುತ್ತದೆ, ಅಪಾಯವಿಚಯ ತೊಡಗುತ್ತದೆ.

ನನ್ನ ಪಾಲಿಗೆ ಇದು ಬರಿಯ ಮಾತಾಗಿ ಉಳಿಯಲಿಲ್ಲ. ಆ ಚಾತುರ್ಮಾಸದ ಸ್ವಾಧ್ಯಾಯದಲ್ಲಿ ನಾವು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯಕ್ಕೆ ಬಂದಿದ್ದೆವು. ಅಹಿಂಸಾಣುವ್ರತದ ಐದು ಅತಿಚಾರಗಳು ಅಲ್ಲಿ ಹೇಳಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರನ್ನು ತಡೆಯುವುದು. ನಲವತ್ತು ವರ್ಷಗಳಿಂದ ಈ ಸೂತ್ರವನ್ನು ಕೇಳಿದ್ದೆ. ಪ್ರತಿಸಾರಿಯೂ ಎತ್ತು, ಕುದುರೆಗಳನ್ನೇ ನೆನೆದಿದ್ದೆ. ನಮ್ಮಲ್ಲಿ ಎತ್ತುಗಳಿರಲಿಲ್ಲವಾದ್ದರಿಂದ ನಿಶ್ಚಿಂತನಾಗಿದ್ದೆ. ಅಂದು ಸೂತ್ರ ಮುಗಿದು ‘ಊರುಕೇರಿ’ಯ ಆರಂಭದ ಪುಟಗಳನ್ನು ಓದಿದೆವು. ನೊಗಕ್ಕೆ ಇಬ್ಬರು ಮನುಷ್ಯರು ಹೆಗಲು ಕೊಟ್ಟು ಹೊಲ ಉಳುತ್ತಿದ್ದುದನ್ನೂ, ಅವರಲ್ಲಿ ಒಬ್ಬರು ತನ್ನ ತಂದೆಯೇ ಆಗಿದ್ದುದನ್ನೂ ಕಂಡ ಬಾಲಕನ ನೆನಪು ಅಲ್ಲಿದೆ. ಆ ಸೂತ್ರವು ಎತ್ತುಗಳಿಗೆ ಮಾತ್ರ ಹೇಳಿದ್ದಲ್ಲವೆಂದು ಅರಿವಾಗಲು ನನಗೆ ಆ ಪುಟ ಬೇಕಾಯಿತು. ಮರುದಿನ ‘ಭಿತ್ತಿ’ಯಲ್ಲಿ ಹಸಿವಿನ ಪುಟಗಳು ಬಂದವು. ಐದನೆಯ ಅತಿಚಾರವು ನನ್ನ ಮನೆಯ ಬಾಗಿಲಿಗೆ ಬಂದು ನಿಂತಿತು.

ಆಗ ನಾವು ಭದ್ರಾವತಿಯಲ್ಲಿದ್ದೆವು. ಮಗ ಒಂಬತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾಗಿ, ಅಂಕಪಟ್ಟಿಯನ್ನು ಎರಡು ದಿನ ಬಚ್ಚಿಟ್ಟಿದ್ದ. ಅದು ಮಳೆಗಾಲ. ಅಂಗಡಿಯಿಂದ ಬಂದವನೇ ಅವನನ್ನು ಹಿತ್ತಿಲ ಜಗಲಿಯಲ್ಲಿ ನಿಲ್ಲಿಸಿ, ಅಂದು ಅವನಿಗೆ ಊಟವಿಲ್ಲವೆಂದು ಅವನ ತಾಯಿಗೆ ಹೇಳಿದೆ. ನಮ್ಮದು ರಾತ್ರಿಭೋಜನತ್ಯಾಗದ ಮನೆ. ಸೂರ್ಯಾಸ್ತಕ್ಕೆ ಮುನ್ನ ತಪ್ಪಿದ ಊಟವು ಮರುದಿನ ಬೆಳಗಿನವರೆಗೂ ತಪ್ಪಿದಂತೆಯೇ. ನಾನು ಹೊತ್ತಿಗೆ ಸರಿಯಾಗಿ ಉಂಡು, ಕೈತೊಳೆದು, ಸಾಮಾಯಿಕಕ್ಕೆ ಕುಳಿತೆ. ವ್ರತವನ್ನು ಪಾಲಿಸಿದ ಸಮಾಧಾನವೂ, ಮಗನನ್ನು ತಿದ್ದಿದ ಸಮಾಧಾನವೂ ಎರಡೂ ಆ ರಾತ್ರಿ ನನ್ನಲ್ಲಿದ್ದವು. ಒಂದು ವ್ರತವನ್ನೇ ಆಯುಧ ಮಾಡಿಕೊಂಡು ಇನ್ನೊಂದು ವ್ರತವನ್ನು ಮುರಿದಿದ್ದೇನೆಂದು ಹೊಳೆಯಲು ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಇಂಥ ಸಂದರ್ಭದಲ್ಲಿ ನಾವು ಹೇಳುವ ಸಮಾಧಾನದ ಮಾತೊಂದಿದೆ: “ಅವನ ಅಸಾತಾವೇದನೀಯದ ಉದಯ, ಯಾರೇನು ಮಾಡಲಾದೀತು?” ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಅದೇ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು, ದುಃಖ, ಶೋಕ, ತಾಪ, ಆಕ್ರಂದನ, ವಧೆ, ಪರಿದೇವನ ಇವುಗಳನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದೇ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಲೆಕ್ಕವನ್ನು ನೋಡಿಕೊಳ್ಳಬೇಕಾದವನು ಹೊಡೆಸಿಕೊಂಡ ಬಾಲಕನಲ್ಲ, ಹೊಡೆದ ಹಿರಿಯ. ಸಿದ್ಧಾಂತವು ನನಗೆ ಎಚ್ಚರಿಕೆಯಾಗಿ ಬಂದದ್ದು. ಅದನ್ನು ನಾನು ಮಗುವಿನ ತಲೆಗೆ ತೀರ್ಪಾಗಿ ಕಟ್ಟಬಾರದು. ನೊಂದ ಮಕ್ಕಳು ತಾವಾಗಿಯೇ ಅಪರಾಧವನ್ನು ಹೊತ್ತುಕೊಳ್ಳುವುದುಂಟು. ಅಮೆರಿಕದ ಕವಯಿತ್ರಿ ಮಾಯಾ ಏಂಜಲೊ ೧೯೬೯ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ಎಂಟರ ಎಳವೆಯಲ್ಲಿ ತನ್ನ ಮೇಲೆ ಅತ್ಯಾಚಾರ ನಡೆಸಿದವನ ಹೆಸರನ್ನು ಹೇಳಿದ ಮೇಲೆ ಅವನು ಕೊಲೆಯಾದುದನ್ನೂ, ತನ್ನ ಮಾತೇ ಅವನನ್ನು ಕೊಂದಿತೆಂದು ನಂಬಿ ವರ್ಷಗಟ್ಟಲೆ ಮೌನವಾಗಿದ್ದುದನ್ನೂ ಬರೆದಿದ್ದಾರೆ. ನೆರೆಯ ಮಹಿಳೆಯೊಬ್ಬರು ಪುಸ್ತಕಗಳನ್ನು ಕೊಟ್ಟು, ಗಟ್ಟಿಯಾಗಿ ಓದಲು ಹೇಳಿ ಆ ಮೌನವನ್ನು ಬಿಡಿಸಿದರು. ಆಲೋಚನೆಯೆಂಬ ನಮ್ಮ ಪ್ರಾಯಶ್ಚಿತ್ತವು ತಾನು ಮಾಡಿದ ದೋಷವನ್ನು ಗುರುವಿನೆದುರು ಹೇಳುವುದು. ಮಗುವಿಗೆ ಇಲ್ಲಿ ಹೇಳಲು ದೋಷವೇ ಇಲ್ಲ. ಅನ್ಯರ ದೋಷವನ್ನು ತನ್ನದೆಂದು ಹೊತ್ತವರ ಹೊರೆಯನ್ನು ಇಳಿಸುವುದೇ ಚೇತರಿಕೆಯ ಮೊದಲ ಹೆಜ್ಜೆ.

ಮೂರನೆಯ ಆಕ್ಷೇಪಣೆಯು ಉಳಿಯಿತು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಗೃಹಸ್ಥನು ನುಡಿಯಬಾರದೆಂದು ಹೇಳಿದ್ದಾರೆ. ತಂದೆಯ, ಗಂಡನ, ಬಂಧುವಿನ ಕ್ರೌರ್ಯವನ್ನು ಬರೆದವರು ಅವರಿಗೆ ವಿಪತ್ತನ್ನು ತಂದಂತಾಗಲಿಲ್ಲವೇ? ಇಲ್ಲಿ ವಿಪತ್ತು ಯಾರದೆಂದು ಕೇಳಬೇಕಾಗುತ್ತದೆ. ಮುಚ್ಚಿಟ್ಟ ಹಿಂಸೆಯು ಆ ಮನೆಯ ಮುಂದಿನ ಮಗುವಿಗೆ ವಿಪತ್ತು. ಬಿಚ್ಚಿಟ್ಟದ್ದು ಹಿರಿಯನ ಮರ್ಯಾದೆಗೆ ವಿಪತ್ತು. ಜೀವಕ್ಕೂ ಮರ್ಯಾದೆಗೂ ತೂಗಿ ನೋಡಿದಾಗ ಅಹಿಂಸೆಯು ಯಾವ ಕಡೆ ವಾಲುವುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ರಹೋಭ್ಯಾಖ್ಯಾನದ ದೋಷವಿರುವುದು ದ್ವೇಷದಿಂದಲೋ ವಿನೋದಕ್ಕಾಗಿಯೋ ಗುಟ್ಟನ್ನು ಹರಡುವುದರಲ್ಲಿ. ಗಾಯವನ್ನು ವೈದ್ಯನಿಗೆ ತೋರಿಸುವುದರಲ್ಲಿ ಅಲ್ಲ. ಆದರೂ ಬರೆಯುವವರಿಗೆ ಇದರಲ್ಲಿ ಒಂದು ನಿಯಮ ದೊರೆಯುತ್ತದೆ: ಅಗತ್ಯವಿದ್ದಷ್ಟೇ ಹೇಳುವುದು, ಕಷಾಯವನ್ನು ಬೆರೆಸದೆ ಹೇಳುವುದು. ೨೦೨೧ರಲ್ಲಿ ನಮ್ಮನ್ನಗಲಿದ ಸಿದ್ದಲಿಂಗಯ್ಯನವರು ‘ಊರುಕೇರಿ’ಯಲ್ಲಿ ಅಂಥ ಬಡತನವನ್ನೂ ಅವಮಾನವನ್ನೂ ನಗುನಗುತ್ತ ಹೇಳಿದ್ದಾರೆ. ವಿಜಯಮ್ಮನವರ ‘ಕುದಿ ಎಸರು’ ಹೆಣ್ಣಾಗಿ ಮನೆಯೊಳಗೆ ಉಂಡ ನೋವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ೨೦೧೯ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ಒಬ್ಬರು ನಗೆಯಿಂದ, ಇನ್ನೊಬ್ಬರು ನೇರನುಡಿಯಿಂದ ಹೇಳಿದರು. ಹೇಗೆ ಹೇಳಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ನೊಂದವರದು, ಕೇಳುವವರದಲ್ಲ.

ಕ್ಷಮೆಯ ವಿಷಯದಲ್ಲಿಯೂ ಇದೇ ಮಾತು. ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯಂದು ನಾವೆಲ್ಲರೂ ಪರಸ್ಪರ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳಿಗೆ ಕ್ಷಮೆ ಬೇಡುತ್ತೇವೆ. ಆ ಸಾಮಾನ್ಯವಚನದ ಮರೆಯಲ್ಲಿ ವಿಶೇಷವಾದ ತಪ್ಪುಗಳು ಎಷ್ಟು ಸುಖವಾಗಿ ಅಡಗಿಕೊಳ್ಳುತ್ತವೆಯೆಂಬುದು ನನ್ನ ಅನುಭವದಿಂದ ಬಲ್ಲೆ. ಆಲೋಚನೆಯ ಹತ್ತು ದೋಷಗಳನ್ನು ಹೇಳುವಾಗ ಶಾಸ್ತ್ರಕಾರರು ‘ಶಬ್ದಾಕುಲಿತ’ವೆಂಬುದನ್ನೂ ಎಣಿಸಿದ್ದಾರೆ, ಎಲ್ಲರೂ ಒಟ್ಟಿಗೆ ಗದ್ದಲ ಮಾಡುವಾಗ ತನ್ನ ದೋಷವನ್ನೂ ಹೇಳಿಬಿಡುವುದು. ಪ್ರತಿವರ್ಷವೂ ನಾನು ಮಗನಲ್ಲಿ ಬೇಡಿದ ಕ್ಷಮೆ ಅಂಥದು. ಈ ಸಾರಿ ಕ್ಷಮಾವಣಿಯಂದು ಅವನು ಶಿವಮೊಗ್ಗೆಗೆ ಬಂದಾಗ, ಆ ಮಳೆಗಾಲದ ಸಂಜೆಯ ಹೆಸರು ಹಿಡಿದು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪ, ನೀವು ಉಣ್ಣುತ್ತಿದ್ದುದು ನನಗೆ ಕಿಟಕಿಯಿಂದ ಕಾಣುತ್ತಿತ್ತು” ಎಂದ. ಮತ್ತೆ ಸ್ವಲ್ಪ ಹೊತ್ತಾದ ಮೇಲೆ, “ನೀವಾಗಿಯೇ ಹೇಳಿದ್ದು ಒಳ್ಳೆಯದಾಯಿತು” ಎಂದ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ತಪ್ಪಿದವನಿಗೆ ಪ್ರತಿಕ್ರಮಣ ಕರ್ತವ್ಯ. ಉತ್ತಮ ಕ್ಷಮೆಯಾದರೋ ನೊಂದವನ ಆತ್ಮಧರ್ಮ. ಅದನ್ನು ಸಾಲವಸೂಲಿಯಂತೆ ಕೇಳಿ ಪಡೆಯುವಂತಿಲ್ಲ. ನೊಂದವರಿಗೆ ‘ಆದದ್ದಾಯಿತು, ಕ್ಷಮಿಸಿಬಿಡು’ ಎಂದು ಬೋಧಿಸುವ ಆತುರ ನಮ್ಮ ಸಮಾಜದಲ್ಲಿ ಬಹಳವಿದೆ. ನೋಯಿಸಿದವರಿಗೆ ‘ಹೋಗಿ ಹೇಳಿಕೋ’ ಎಂದು ಬೋಧಿಸುವವರು ವಿರಳ.

ಇದು ಒಂದೆರಡು ಮನೆಗಳ ಮಾತಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ಮಾತನಾಡಿಸಲಾಗಿತ್ತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾಗಿದ್ದರು. ಮನೆಯೊಳಗೆ ಹಿಂಸೆಗೊಳಗಾದವರಲ್ಲಿ ಬಹುಪಾಲು ಮಕ್ಕಳನ್ನು ಹೊಡೆದವರು ತಂದೆತಾಯಿಗಳೇ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ೨೦೧೨ರ ಪೋಕ್ಸೋ ಕಾಯಿದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದಾಗ ವರದಿ ಮಾಡದಿರುವುದೇ ಅಪರಾಧ. ಕುಟುಂಬದ ಮರ್ಯಾದೆ, ಸಂಸ್ಥೆಯ ಮರ್ಯಾದೆ ಎಂಬ ಕಾರಣಗಳನ್ನು ಕಾಯಿದೆ ಒಪ್ಪುವುದಿಲ್ಲ, ಧರ್ಮವೂ ಒಪ್ಪಲಾರದು.

ನಮ್ಮ ಬಸದಿಗಳ ಟ್ರಸ್ಟುಗಳು ಪಾಠಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಡೆಸುತ್ತಿವೆ. ಅಲ್ಲಿರುವ ಮಕ್ಕಳು ತಂದೆತಾಯಿಗಳಿಂದ ದೂರವಿರುವವರು. ಟ್ರಸ್ಟುಗಳು ಕೈಗೊಳ್ಳಬಹುದಾದ ಕಾರ್ಯಗಳು ಕೆಲವಿವೆ. ಹೊಡೆತ, ಕೂಡಿಹಾಕುವುದು, ಊಟ ನಿಲ್ಲಿಸುವುದು ಇವು ಶಿಕ್ಷೆಯಾಗಿ ಸಲ್ಲವೆಂದು ನಿಯಮಾವಳಿಯಲ್ಲಿ ಬರೆದು, ಅದರ ಕೆಳಗೆ ಆ ಐದು ಅತಿಚಾರಗಳ ಸೂತ್ರವನ್ನೂ ಬರೆಯಿಸಲಿ. ಮಕ್ಕಳ ಸಹಾಯವಾಣಿಯ ೧೦೯೮ ಎಂಬ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಬೀಳುವಲ್ಲಿ ಹಾಕಿಸಲಿ. ಮಗುವು ಹೇಳಿಕೊಂಡಾಗ ಕೇಳಬಲ್ಲ, ತಾಳ್ಮೆಯುಳ್ಳ ಒಬ್ಬ ಶ್ರಾವಿಕೆಯನ್ನು ನೇಮಿಸಲಿ. ಗ್ರಂಥಭಂಡಾರದಲ್ಲಿ ಪುರಾಣಗಳ ಪಕ್ಕದಲ್ಲಿ ಈ ಆತ್ಮಕಥೆಗಳಿಗೂ ಒಂದು ಸಾಲು ಇರಲಿ. ನಮ್ಮ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಲಂಕೇಶರ ‘ಹುಳಿಮಾವಿನ ಮರ’ವೂ ಅಲ್ಲಿರಲಿ. ಯಾರಿಗೂ ಹೇಳಲಾರದ ಹುಡುಗನೋ ಹುಡುಗಿಯೋ ಅಲ್ಲಿ ಒಂದು ಪುಟವನ್ನು ತೆರೆದು, ‘ನನ್ನೊಬ್ಬನಿಗೇ ಹೀಗಾದದ್ದಲ್ಲ, ಹೀಗಾದವರೂ ಬಾಳಿದ್ದಾರೆ’ ಎಂದು ಅರಿತರೆ ಅದು ಅಭಯದಾನವೇ. ಆದರೆ ಪುಸ್ತಕವೊಂದನ್ನು ಕೊಟ್ಟು ಕೈತೊಳೆದುಕೊಳ್ಳುವುದೂ ಸಲ್ಲದು. ಓದಿ ಕಲಕಿದ ಮನಸ್ಸಿಗೆ ಜೊತೆ ಬೇಕು, ಕೆಲವೊಮ್ಮೆ ವೈದ್ಯರೂ ಬೇಕು.

ಪ್ರಶ್ನೆ ಕೇಳಿದ ಆ ಹಿರಿಯ ತಾಯಿಗೆ ನಾನು ಇಷ್ಟನ್ನೂ ಒಂದು ದಿನ ಹೇಳಿದೆ. ಅವರು ಪೂರ್ತಿಯಾಗಿ ಒಪ್ಪಿದರೆನ್ನಲಾರೆ. “ಮನಸ್ಸು ಗಟ್ಟಿಯಿಲ್ಲದವರು ಓದಬಾರದು, ಅದನ್ನೂ ಬರೆಯಿರಿ” ಎಂದರು. ಅದು ನಿಜವೇ, ಬರೆದಿದ್ದೇನೆ. ಅದರ ಮರುವಾರದಿಂದ ಅವರು ಸಭೆಗೆ ಸ್ವಲ್ಪ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ನೊಂದವರ ಕಥೆಯನ್ನು ಕೇಳುವುದು ಸುಲಭದ ಸ್ವಾಧ್ಯಾಯವಲ್ಲ. ಮಾರಿದತ್ತನಿಗೂ ಅದು ಸುಲಭವಾಗಿರಲಿಲ್ಲ. ಅವನ ಕೈಯಲ್ಲಿ ಖಡ್ಗವಿತ್ತು. ನಮ್ಮ ಕೈಯಲ್ಲಿ ಏನಿದೆಯೆಂದು ನಾವು ನಾವೇ ನೋಡಿಕೊಳ್ಳಬೇಕು.